ಕರ್ತೃಪದದ ಪ್ರಶ್ನೆ

ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡದ ತರಗತಿ ಬಹುಕಾಲದಿಂದ ಮಹಡಿಯ ಮೇಲೆಯೇ ನಡೆಯುತ್ತಿತ್ತು. ಕೆಲವು ವರ್ಷಗಳ ಹಿಂದೆ ಆ ತರಗತಿಗೆ ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಸೇರಿದಳು. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕಾಲುಗಳಿಗೆ ಸ್ವಾಧೀನವಿಲ್ಲ, ಮಾತು ನಿಧಾನ, ಬುದ್ಧಿ ಬಹು ಚುರುಕು. ಪ್ರತಿದಿನವೂ ಅವಳ ತಂದೆಯೂ ನಮ್ಮ ಜವಾನನೂ ಸೇರಿ ಅವಳನ್ನು ಕುರ್ಚಿಸಮೇತ 22 ಮೆಟ್ಟಲು ಹೊತ್ತು ತರುತ್ತಿದ್ದರು. ಅಧ್ಯಾಪಕರಾದ ನಾವು ಆ ತಂದೆಯ ತಾಳ್ಮೆಯನ್ನು ಮನಸಾರೆ ಕೊಂಡಾಡಿದೆವು. ಹೀಗೆ ಒಂದು ವರ್ಷ ಕೊಂಡಾಡಿದ ಮೇಲೆ ಒಂದು ದಿನ ಆ ಹುಡುಗಿಯೇ ಅರ್ಜಿಯೊಂದನ್ನು ಬರೆದು ನನ್ನ ಕೈಗೆ ಕೊಟ್ಟಳು. “ಸರ್, ದಿನವೂ ನನ್ನನ್ನು ಮೇಲಕ್ಕೆ ಹೊರುವುದಕ್ಕಿಂತ ತರಗತಿಯನ್ನೇ ಒಮ್ಮೆ ಕೆಳಕ್ಕೆ ಇಳಿಸುವುದು ಹಗುರವಲ್ಲವೆ?” ಎಂದಳು. ವೇಳಾಪಟ್ಟಿಯಲ್ಲಿ ಎರಡು ಕೊಠಡಿಗಳನ್ನು ಅದಲುಬದಲು ಮಾಡಲು ನನಗೆ ಹಿಡಿದದ್ದು ಅರ್ಧ ಗಂಟೆ.

ಆ ಅರ್ಧ ಗಂಟೆಗೆ ಒಂದು ವರ್ಷ ಕಾಯಬೇಕಾಯಿತೇಕೆ? ನಮ್ಮಲ್ಲಿ ದಯೆಗೇನೂ ಕೊರತೆಯಿರಲಿಲ್ಲ. ಅವಳನ್ನೇ ಕೇಳಬೇಕೆಂಬುದು ಮಾತ್ರ ಯಾರಿಗೂ ತೋರಲಿಲ್ಲ. ತಪ್ಪಿತಸ್ಥರಲ್ಲಿ ನಾನು ಮೊದಲಿಗ. ಪರೀಕ್ಷೆಗೆ ಲಿಪಿಕಾರರು ಬೇಕೆ, ಗ್ರಂಥಾಲಯದ ಪುಸ್ತಕ ಮನೆಗೆ ಬೇಕೆ ಎಂದು ನಾನು ಕೇಳುತ್ತಿದ್ದುದೆಲ್ಲ ಅವಳ ತಂದೆಯನ್ನು. ಅದೂ ಅವಳ ಎದುರಿನಲ್ಲಿಯೇ, ಅವಳು ಅಲ್ಲಿ ಇಲ್ಲವೇ ಇಲ್ಲವೆಂಬಂತೆ.

ವ್ಯಾಕರಣ ಹೇಳುವುದು ನನ್ನ ಕಸುಬು. ಆದುದರಿಂದ ಅದೇ ಭಾಷೆಯಲ್ಲಿ ಹೇಳುತ್ತೇನೆ. ಅಂಗವಿಕಲರನ್ನು ಕುರಿತು ನಾವು ಆಡುವ ವಾಕ್ಯಗಳನ್ನು ಗಮನಿಸಿ. “ಅವನನ್ನು ಕರೆದುಕೊಂಡು ಹೋದರು”, “ಅವಳಿಗೆ ಸಹಾಯ ಮಾಡಿದರು”, “ಅವನನ್ನು ಯಾರು ನೋಡಿಕೊಳ್ಳುತ್ತಾರೆ?” ಎಲ್ಲವೂ ದ್ವಿತೀಯೆ, ಇಲ್ಲವೆ ಚತುರ್ಥಿ. ಆ ತರುಣ, ಆ ತರುಣಿ ಪ್ರಥಮಾ ವಿಭಕ್ತಿಯಲ್ಲಿ ನಿಂತು ತಮ್ಮ ಬಾಳಿನ ಕ್ರಿಯಾಪದಕ್ಕೆ ತಾವೇ ಕರ್ತೃಗಳಾಗುವ ವಾಕ್ಯ ನಮ್ಮ ಬಾಯಲ್ಲಿ ಹುಟ್ಟುವುದು ಅಪರೂಪ. ಈಚೆಗೆ ಸರ್ಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದಿರುವ ‘ವಿಕಲಚೇತನ’ ಎಂಬ ಮಾತೂ ನನಗೆ ಒಪ್ಪಿಗೆಯಾಗಿಲ್ಲ. ಹೊಸ ಮಾತಿನ ಉದ್ದೇಶ ಒಳ್ಳೆಯದೇ ಇರಬಹುದು; ಆದರೆ ‘ಅಂಗವಿಕಲ’ ಎಂದಾಗ ಊನವಾದದ್ದು ಅಂಗವಷ್ಟೆ; ‘ವಿಕಲಚೇತನ’ ಎಂದಾಗ ಚೇತನಕ್ಕೇ ಊನ ಬಂದಂತಾಯಿತಲ್ಲ!

ಕರ್ತೃವೆಂದರೆ ಯಾರು? ಸ್ವತಂತ್ರನಾದವನೇ ಕರ್ತೃವೆಂಬುದು ಪಾಣಿನಿಯ ಮತ. ಸ್ವತಂತ್ರನೆಂದರೆ ಯಾರ, ಯಾವುದರ ನೆರವೂ ಇಲ್ಲದೆ ಎಲ್ಲವನ್ನೂ ಮಾಡುವವನೆಂದು ಅರ್ಥವಲ್ಲ. ಬಡಗಿ ಕೊಡಲಿಯಿಂದ ಮರವನ್ನು ಕಡಿಯುತ್ತಾನೆ. ಕೊಡಲಿಯಿಲ್ಲದೆ ಮರ ಬೀಳದು. ಆದರೂ ಕರ್ತೃಪದ ಬಡಗಿಯದೇ, ಕೊಡಲಿ ಕರಣ. ಗಾಲಿಕುರ್ಚಿ, ಬಿಳಿಕೋಲು, ಲಿಪಿಕಾರ, ಬೆಳಗ್ಗೆ ಎಬ್ಬಿಸಿ ಸ್ನಾನ ಮಾಡಿಸುವ ಸಹಾಯಕಿ, ಇವೆಲ್ಲ ತೃತೀಯೆಯಲ್ಲಿ ನಿಲ್ಲತಕ್ಕವು. ಎಷ್ಟು ಗಂಟೆಗೆ ಏಳಬೇಕು, ಯಾವ ಊರಿನಲ್ಲಿ ಓದಬೇಕು, ಯಾರೊಡನೆ ಬಾಳಬೇಕು ಎಂಬ ನಿರ್ಧಾರ ಯಾರದೋ ಅವರೇ ಕರ್ತೃ. ಸ್ವತಂತ್ರ ಬಾಳುವೆಯ ತಿರುಳು ಇಷ್ಟೆ.

ಇದನ್ನು ಬಾಳಿ ತೋರಿಸಿದವರಲ್ಲಿ ಅಮೆರಿಕದ ಎಡ್ ರಾಬರ್ಟ್ಸ್ ಒಬ್ಬರು. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕುತ್ತಿಗೆಯಿಂದ ಕೆಳಗೆ ದೇಹವೆಲ್ಲ ಬಹುಮಟ್ಟಿಗೆ ನಿಶ್ಚಲವಾಯಿತು. ರಾತ್ರಿಯ ಉಸಿರಾಟಕ್ಕೆ ಕಬ್ಬಿಣದ ಯಂತ್ರವೇ ಗತಿ. ಈತ ಉದ್ಯೋಗಕ್ಕೆ ಅನರ್ಹನೆಂದು ಹೇಳಿ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಮೊದಲು ನೆರವು ನಿರಾಕರಿಸಿತು. ಆದರೂ 1962ರಲ್ಲಿ ಅವರು ಬರ್ಕ್ಲಿಯ ವಿಶ್ವವಿದ್ಯಾನಿಲಯವನ್ನು ಸೇರಿದರು. ಆ ಯಂತ್ರಕ್ಕೆ ವಿದ್ಯಾರ್ಥಿನಿಲಯದಲ್ಲಿ ಎಡೆಯಿಲ್ಲದೆ, ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಕೋಣೆಯೇ ವಸತಿಯಾಯಿತು. ಅವರ ಬೆನ್ನಿಗೇ ಇತರ ಅಂಗವಿಕಲ ವಿದ್ಯಾರ್ಥಿಗಳೂ ಅಲ್ಲಿಗೆ ಬಂದರು. ತಮ್ಮ ಸಹಾಯಕರನ್ನು ತಾವೇ ಆರಿಸಿ, ಕೆಲಸ ಕಲಿಸಿ, ಸರಿಬಾರದಿದ್ದರೆ ಬಿಡಿಸುವುದನ್ನು ರೂಢಿಸಿಕೊಂಡರು. ಆ ಗುಂಪಿನ ಅನುಭವದಿಂದಲೇ 1972ರಲ್ಲಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರ ಹುಟ್ಟಿತು. 1975ರಲ್ಲಿ ರಾಬರ್ಟ್ಸ್ ಅದೇ ಪುನರ್ವಸತಿ ಇಲಾಖೆಗೆ ನಿರ್ದೇಶಕರಾದರು. ಅನರ್ಹನೆಂದು ಬರೆದ ಕಚೇರಿ ಕೊನೆಗೆ ಅವರ ಸಹಿಯಿಂದಲೇ ನಡೆಯಬೇಕಾಯಿತು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಹುಡುಗರಿಗೆ ಸಂಗೀತ ಕಲಿಸಿದರು. ಗುರುಗಳಿಗೂ ಕಣ್ಣಿರಲಿಲ್ಲವಾದುದರಿಂದ ಅಲ್ಲಿ ಕನಿಕರಕ್ಕೆ ಕೆಲಸವಿರಲಿಲ್ಲ. ಸಾಧನೆಗೆ ಮಾತ್ರ ಇತ್ತು. ಅಲ್ಲಿ ಕಲಿತವರು ಗಾಯಕರಾಗಿ, ಸಂಗೀತದ ಮೇಷ್ಟ್ರಾಗಿ ನಾಡಿನ ನಾನಾ ಊರುಗಳಲ್ಲಿ ಬದುಕು ಕಟ್ಟಿಕೊಂಡರು.

ಮತ್ತೆ ನಮ್ಮ ಹುಡುಗಿಯ ಕಥೆಗೆ ಬರೋಣ. ಪದವಿ ಮುಗಿದ ಮೇಲೆ ಅವಳಿಗೆ ಬೇರೆ ಊರಿನ ವಿಶ್ವವಿದ್ಯಾನಿಲಯದಲ್ಲಿ ಎಂ.ಎ.ಗೆ ಸೀಟು ದೊರೆಯಿತು. ತಂದೆ ನನ್ನ ಮನೆಗೆ ಬಂದರು. “ಮೇಷ್ಟ್ರೆ, ನೀವು ಹೇಳಿದರೆ ಕೇಳುತ್ತಾಳೆ. ಇಪ್ಪತ್ತೊಂದು ವರ್ಷ ಅಂಗೈಯಲ್ಲಿ ಇಟ್ಟುಕೊಂಡು ಸಾಕಿದ್ದೇವೆ. ಹಾಸ್ಟೆಲಿನಲ್ಲಿ ಬಿದ್ದರೆ ಎತ್ತುವವರು ಯಾರು? ಹೆಣ್ಣುಮಗು ಬೇರೆ” ಎಂದರು. ಆ ಭಯ ಸುಳ್ಳೆಂದು ಹೇಳುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ನಾನು ತಂದೆಯ ಪಕ್ಷವನ್ನೇ ಹಿಡಿದು, ಮನೆಯಲ್ಲಿದ್ದುಕೊಂಡೇ ಅಂಚೆಯ ಮೂಲಕ ಓದಬಹುದಲ್ಲ ಎಂದು ಅವಳಿಗೆ ಬುದ್ಧಿ ಹೇಳಿದೆ. ಆ ವರ್ಷ ನನ್ನ ಮಗನನ್ನು ಪಿಯುಸಿಗೆಂದು ಮಂಗಳೂರಿಗೆ ಕಳಿಸಿದ್ದೆ. ಅವಳು ಕೇಳಿದ್ದು ಒಂದೇ ಮಾತು: “ಸರ್, ನಿಮ್ಮ ಮಗನಿಗೂ ಹೀಗೆಯೇ ಹೇಳಿದಿರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾರರ ಹುಡುಗನನ್ನು ಕಳಿಸುವಾಗ ನನಗೂ ಭಯವಾಗಿತ್ತು. ಆದರೂ ಕಳಿಸಿದೆ, ಬಿದ್ದೆದ್ದು ಕಲಿಯಲಿ ಎಂದೆ. ಬೀಳುವ ಹಕ್ಕನ್ನು ಒಬ್ಬನಿಗೆ ಕೊಟ್ಟು ಇನ್ನೊಬ್ಬಳಿಗೆ ಏಕೆ ನಿರಾಕರಿಸಿದೆ? “ನಾವು ಹೋದ ಮೇಲೆ ಇವಳ ಗತಿಯೇನು?” ಎಂಬುದು ಎಲ್ಲ ತಂದೆತಾಯಿಗಳನ್ನು ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ. ತಾವು ಇರುವಾಗಲೇ ಅವಳಿಗೆ ಬಾಳುವುದನ್ನು ಕಲಿಯಗೊಡುವುದೇ ಅದಕ್ಕಿರುವ ಉತ್ತರ. ಐವತ್ತನೆಯ ವಯಸ್ಸಿನಲ್ಲಿ, ತಂದೆ ತೀರಿಕೊಂಡ ಮರುದಿನ, ಮೊದಲ ಪಾಠ ಕಲಿಯಲು ಹೊರಡುವುದು ಎಷ್ಟು ಕ್ರೂರ!

ಕಾನೂನು ನಮಗಿಂತ ಒಂದು ಹೆಜ್ಜೆ ಮುಂದಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಅಂಗೀಕೃತವಾಯಿತು. ಭಾರತ 2007ರಲ್ಲಿ ಅದನ್ನು ಸ್ಥಿರೀಕರಿಸಿತು. ಎಲ್ಲಿ, ಯಾರೊಡನೆ ವಾಸಿಸಬೇಕೆಂಬ ಆಯ್ಕೆ ಅವರದೇ ಎಂದು ಅದರ 19ನೆಯ ವಿಧಿ ಹೇಳುತ್ತದೆ. ಸಮುದಾಯದ ನಡುವೆ ಬಾಳುವ ಹಕ್ಕನ್ನು ನಮ್ಮ 2016ರ ಅಧಿನಿಯಮವೂ ಎತ್ತಿಹಿಡಿದಿದೆ. ಉನ್ನತ ಶಿಕ್ಷಣದಲ್ಲಿ ಶೇಕಡ 5ಕ್ಕೆ ಕಡಮೆಯಿಲ್ಲದಷ್ಟು ಸ್ಥಾನಗಳನ್ನೂ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ನ್ನೂ ಕಾದಿರಿಸಿದೆ. ಆದರೆ ಅದೇ ಅಧಿನಿಯಮದಲ್ಲಿ ಉಚಿತ ಶಿಕ್ಷಣದ ಹಕ್ಕು ಆರರಿಂದ ಹದಿನೆಂಟು ವಯಸ್ಸಿನವರೆಗೆ ಮಾತ್ರ. ಹದಿನೆಂಟು ತುಂಬಿದ ದಿನ ಶಾಲೆಯ ಬಾಗಿಲು ಮುಚ್ಚುತ್ತದೆ. ಅದರಾಚೆ ಅನೇಕರಿಗೆ ಕಾಣುವುದು ಮನೆಯ ಹಜಾರದ ಮೂಲೆಯೊಂದೇ. ಕಾದಿರಿಸಿದ ಸೀಟಿಗೂ ಆ ಸೀಟಿನವರೆಗೆ ತಲುಪುವ ದಾರಿಗೂ ನಡುವೆ ನಮ್ಮ 22 ಮೆಟ್ಟಲುಗಳಂಥ ಎಷ್ಟು ಮೆಟ್ಟಲುಗಳಿವೆಯೋ!

ಬುದ್ಧಿಯ ಬೆಳವಣಿಗೆಯೇ ಕುಂಠಿತವಾದವರಿಗೆ ಈ ಮಾತೆಲ್ಲ ಹೇಗೆ ಅನ್ವಯಿಸೀತು ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2016ರ ಅಧಿನಿಯಮ ಅದಕ್ಕೂ ದಾರಿ ತೋರಿದೆ. ಅದು ಹೇಳುವ ಪರಿಮಿತ ಪಾಲಕತ್ವದಲ್ಲಿ ಪಾಲಕನು ಆ ವ್ಯಕ್ತಿಯೊಡನೆ ಸೇರಿ ನಿರ್ಧಾರ ಮಾಡತಕ್ಕದ್ದು. ಅವನನ್ನು ಬದಿಗೆ ಸರಿಸಿ ಅಲ್ಲ. ಬ್ಯಾಂಕಿನ ಲೆಕ್ಕ ತಿಳಿಯದ ತರುಣನಿಗೂ ಇಂದು ಯಾವ ಅಂಗಿ ತೊಡಬೇಕು, ಸಂಜೆ ಯಾರ ಮನೆಗೆ ಹೋಗಬೇಕು ಎಂಬುದು ತಿಳಿದೀತು. ತಿಳಿದಷ್ಟು ಅವನದಾಗಲಿ.

ಮನೆಯಲ್ಲಿ ಈ ಕೆಲಸ ಹದಿನೆಂಟಕ್ಕೆ ಮುಂಚೆಯೇ ಮೊದಲಾಗಬೇಕು. ಕೈಗೆ ಸ್ವಲ್ಪ ಹಣ ಕೊಟ್ಟು ಲೆಕ್ಕ ಕೇಳಬೇಕು. ವೈದ್ಯರು ಪ್ರಶ್ನೆ ಕೇಳಿದಾಗ ತಂದೆತಾಯಿಗಳು ಸುಮ್ಮನಿದ್ದು ಮಕ್ಕಳಿಗೆ ಉತ್ತರಿಸಗೊಡಬೇಕು. ಕಾಲೇಜುಗಳಲ್ಲಿ ನಾವು ಮಾಡಬೇಕಾದ ಮೊದಲ ಕೆಲಸಕ್ಕೆ ಅನುದಾನವೇ ಬೇಡ: ಪ್ರವೇಶದ ದಿನವೇ ಆ ವಿದ್ಯಾರ್ಥಿಯನ್ನು ಕೂರಿಸಿಕೊಂಡು “ನಿನಗೆ ಏನು ಬೇಕು?” ಎಂದು ನೇರವಾಗಿ ಕೇಳುವುದು. ವಿದ್ಯಾರ್ಥಿನಿಲಯದ ನೆಲ ಅಂತಸ್ತಿನಲ್ಲಿ ಒಂದು ಕೋಣೆ, ಗಾಲಿಕುರ್ಚಿ ಹಿಡಿಸುವ ಒಂದು ಬಚ್ಚಲು, ಸಹಾಯಕರಿಗೆ ತಂಗಲು ಅನುಮತಿ, ಇವು ಆಮೇಲಿನವು. ಇವುಗಳಿಗೆ ಹಣ ಬೇಕು. ಅದನ್ನು ಒದಗಿಸುವುದು ಸರ್ಕಾರದ ಹೊಣೆ, ಯಾರದೋ ಔದಾರ್ಯವಲ್ಲ.

ಹುಡುಗಿ ಕೊನೆಗೆ ಹೋದಳು. ಮೊದಲ ತಿಂಗಳಿನಲ್ಲಿ ಎರಡು ಸಲ ಬಿದ್ದಳಂತೆ. ಒಮ್ಮೆ ಮೊಣಕೈಗೆ ಹೊಲಿಗೆ ಹಾಕಿಸಬೇಕಾಯಿತು. ತಂದೆಗೆ ತಿಳಿಸಿದ್ದು ಗಾಯ ಮಾಗಿದ ಮೇಲೆ. ಮೊನ್ನೆ ಆ ತಂದೆ ಪೇಟೆಯಲ್ಲಿ ಸಿಕ್ಕಿದರು. “ಮೇಷ್ಟ್ರೆ, ನಾನು ಗೊತ್ತುಮಾಡಿಕೊಟ್ಟಿದ್ದ ಹೆಂಗಸನ್ನು ಬಿಡಿಸಿ, ತಾನೇ ಬೇರೊಬ್ಬಳನ್ನು ಇಟ್ಟುಕೊಂಡಿದ್ದಾಳೆ. ನನ್ನನ್ನು ಒಂದು ಮಾತು ಕೇಳಲಿಲ್ಲ!” ಎಂದರು. ದನಿಯಲ್ಲಿ ಮುನಿಸಿತ್ತು. ಆದರೆ ಆ ಸುದ್ದಿಯನ್ನು ಅಂದು ಅವರು ಪೇಟೆಯಲ್ಲಿ ಎದುರಾದ ಇನ್ನೂ ಇಬ್ಬರಿಗೆ ಹೇಳಿದ್ದನ್ನು ನಾನು ಕೇಳಿದೆ. ಎರಡು ಸಲವೂ ವಾಕ್ಯ ಮೊದಲಾದದ್ದು “ನನ್ನ ಮಗಳು” ಎಂದೇ. ಪ್ರಥಮಾ ವಿಭಕ್ತಿ.