ದಾರಿ ತೋರುವವರು

ಸ್ವತಂತ್ರವಾಗಿ ಊರೂರು ತಿರುಗುವ ಪ್ರವಾಸಿಗೆ ಮಾರ್ಗದರ್ಶಿಯೆಂದರೆ ಒಂದು ಬಗೆಯ ಅಳುಕು. ಮನಸ್ಸು ಬಂದಲ್ಲಿ ಕುಳಿತು, ಬೇಡವಾದಾಗ ಏಳುವ ಸ್ವಾತಂತ್ರ್ಯವನ್ನು ಹಣ ಕೊಟ್ಟು ಇನ್ನೊಬ್ಬರ ಕೈಗೆ ಒಪ್ಪಿಸುವುದೇಕೆ ಎಂಬುದು ಅವನ ವಾದ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ರಾಯಚೂರಿನ ಕೋಟೆಯ ಮುಂದೆ ಅದು ನಿಲ್ಲುವುದಿಲ್ಲ.

ಆ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ತೆಲುಗು ಶಾಸನವು ತಿಳಿಸುತ್ತದೆ. ಅಷ್ಟು ದೊಡ್ಡ ಕಲ್ಲು ಅಲ್ಲಿಗೆ ಬಂದದ್ದು ಹೇಗೆ? ಅದಕ್ಕೆ ಉತ್ತರವೂ ಅಲ್ಲಿಯೇ ಇದೆ. ಬಂಡಿಗೆ ಹೇರಿದ ಕಲ್ಲನ್ನು ಜಾನುವಾರುಗಳ ಉದ್ದನೆಯ ಸಾಲು ಎಳೆಯುತ್ತಿರುವ ಚಿತ್ರವನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಬೆರಳಿಟ್ಟು ತೋರಿಸುವವರು ಇಲ್ಲದಿದ್ದರೆ ಹೊಸಬನ ಕಣ್ಣು ಅದನ್ನು ದಾಟಿಹೋಗುತ್ತದೆ. ಮಸ್ಕಿಯಲ್ಲಿಯೂ ಹೀಗೆಯೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಅಲ್ಲಿನ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ. ಬ್ರಾಹ್ಮೀ ಲಿಪಿಯನ್ನು ಅರಿಯದವನಿಗೆ ಅವು ಬರಿಯ ಗೆರೆಗಳು.

ಮಾರ್ಗದರ್ಶಿಗಳು ಹೇಳುವುದೆಲ್ಲವೂ ಸತ್ಯವೆಂದಲ್ಲ. ಶಾಸನದಲ್ಲಿಲ್ಲದ ರಾಣಿಯರೂ ಸುರಂಗಗಳೂ ಅವರ ಮಾತಿನಲ್ಲಿ ಧಾರಾಳವಾಗಿ ಹುಟ್ಟುತ್ತವೆ. ಹಂಪಿಯ ವಿಠ್ಠಲ ದೇವಾಲಯದಲ್ಲಿ ಪ್ರವಾಸಿಗಳನ್ನು ಮೆಚ್ಚಿಸಲೆಂದು ಸಂಗೀತದ ಕಂಬಗಳನ್ನು ತಟ್ಟಿ ತಟ್ಟಿ ಸವೆಸಿದ್ದುಂಟು. ಈಗ ಅವನ್ನು ತಟ್ಟುವುದಕ್ಕೆ ನಿಷೇಧವಿದೆ. ಆದ್ದರಿಂದ ಕಿವಿಯನ್ನು ಒಪ್ಪಿಸಿದರೂ ವಿವೇಕವನ್ನು ಒಪ್ಪಿಸಬೇಕಾಗಿಲ್ಲ. 'ಇದನ್ನು ಹೇಗೆ ತಿಳಿದಿರಿ?' ಎಂದು ವಿನಯದಿಂದ ಕೇಳಿದರೆ ಒಳ್ಳೆಯ ಮಾರ್ಗದರ್ಶಿಯು ಸಂತೋಷಪಡುತ್ತಾನೆ.

ಹಂಪಿಯಲ್ಲಿ ಪರವಾನಗಿ ಪಡೆದ ಮಾರ್ಗದರ್ಶಿಗಳಿದ್ದಾರೆ. ಮಾನ್ವಿ ತಾಲ್ಲೂಕಿನ ಕುರ್ಡಿಯಂತಹ ಹಳ್ಳಿಗೆ ಹೋದವನು ಅಂಥವರನ್ನು ನಿರೀಕ್ಷಿಸಲಾರನು. ಅಲ್ಲಿ ದಾರಿ ತೋರುವವನು ಕುರಿ ಕಾಯುವವನಾಗಿರಬಹುದು, ಕೂಲಿಯವನಾಗಿರಬಹುದು. ಒಡೆದ ವೀರಗಲ್ಲು ಯಾವ ಹೊಲದ ಬದುವಿನಲ್ಲಿದೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಾಲ್ಲೂಕಿನ ಯಾವ ಊರಿಗೆ ತಲುಪುತ್ತದೆ, ಯಾವುದಕ್ಕೆ ತಲುಪದು ಎಂಬುದನ್ನು ಅಂಥವನಿಂದಲೇ ತಿಳಿಯಬೇಕು. ಹಂಪಿಯಲ್ಲಿ ತಕರಾರಿಲ್ಲದೆ ಹಣ ತೆರುವ ಪ್ರವಾಸಿಯು ಇಲ್ಲಿ ಮಾತ್ರ ಒಂದು ಲೋಟ ಚಹಾ ಕುಡಿಸಿ, ಹಳ್ಳಿಯವರ ಸೌಜನ್ಯವನ್ನು ಹೊಗಳಿ ಬಸ್ಸು ಹತ್ತುತ್ತಾನೆ. ಅವನೊಡನೆ ಬಿಸಿಲಿನಲ್ಲಿ ತಿರುಗಿದವನಿಗೆ ಆ ದಿನದ ಕೂಲಿ ತಪ್ಪಿರುತ್ತದೆ. ಸೌಜನ್ಯವೆಂಬ ಹೆಸರಿನಲ್ಲಿ ನಡೆಯುವ ಈ ಅನ್ಯಾಯವನ್ನು ಯಾರೂ ಗಮನಿಸುವುದಿಲ್ಲ.

ಹೊರಡುವ ಮೊದಲೇ ಅರ್ಧ ದಿನಕ್ಕೆ ಇಷ್ಟೆಂದು ಮಾತನಾಡಿಕೊಂಡರೆ ಇಬ್ಬರಿಗೂ ಸಂಕೋಚವಿರದು. ಮಧ್ಯಾಹ್ನದ ಮೇಲೆ ಅದೇ ಕಾಲುದಾರಿಯಲ್ಲಿ ಪ್ರವಾಸಿಯು ಒಬ್ಬನೇ ಮರಳಿ ನಡೆದು, ಬೆಳಿಗ್ಗೆ ಕಂಡದ್ದನ್ನು ತನ್ನ ಮನಸ್ಸಿಗೆ ತೋಚಿದಷ್ಟು ಹೊತ್ತು ನೋಡುತ್ತ ಕುಳಿತಿರಬಹುದು.