ಶೇಂಗಾ ಚಿಕ್ಕಿ ಪಡೆಯ ಕವಾಯತು

ಮಕ್ಕಳೇ, ಈ ವಾರ ಒಂದು ಬೊಂಬೆಯ ಕಥೆ. ಅಡಕತ್ತರಿ ಅಡಕೆ ಕತ್ತರಿಸುವ ಹಾಗೆ, ಗಟ್ಟಿ ಕಾಯಿಗಳನ್ನು ಬಾಯಲ್ಲೇ ಒಡೆಯುವ ಮರದ ಸಿಪಾಯಿ ಅದು. ಕ್ರಿಸ್‌ಮಸ್ ಹಿಂದಿನ ದಿನ ಪುಟ್ಟ ಹುಡುಗಿಯೊಬ್ಬಳಿಗೆ ಉಡುಗೊರೆಯಾಗಿ ಸಿಗುತ್ತದೆ. ನಡುರಾತ್ರಿ ಬೊಂಬೆಗೆ ಜೀವ ಬಂದು, ಇಲಿರಾಜನೊಡನೆ ಯುದ್ಧವಾಗಿ, ಇಬ್ಬರೂ ಮಿಠಾಯಿಗಳ ನಾಡಿಗೆ ಹೋಗುತ್ತಾರೆ. ಇದೇ 'ನಟ್‌ಕ್ರ್ಯಾಕರ್' ನೃತ್ಯನಾಟಕ. ಸಂಗೀತ ರಷ್ಯಾದ ಚೈಕೋವ್‌ಸ್ಕಿ ಅವರದು. ಮೊದಲ ಪ್ರದರ್ಶನ 1892ರ ಡಿಸೆಂಬರಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ.

1960ರಲ್ಲಿ ಅಮೆರಿಕದ ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಇದೇ ಸಂಗೀತವನ್ನು ತಮ್ಮ ಜಾಝ್ ವಾದ್ಯವೃಂದಕ್ಕೆ ಒಗ್ಗಿಸಿದರು. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳ ದಂಡು, ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್. ಇಂಥ ತಂಡಕ್ಕೆ 'ಬಿಗ್ ಬ್ಯಾಂಡ್' ಎನ್ನುತ್ತಾರೆ. ಪಿಟೀಲುಗಳ ಸಾಲೇ ಇಲ್ಲ!

ಅವರ ನಡೆಯ ಹೆಸರು 'ಸ್ವಿಂಗ್', ಅಂದರೆ ತೂಗಾಟ. ಕೈ ತಟ್ಟುತ್ತಾ 'ತಕ ತಕ ತಕ ತಕ' ಎನ್ನಿ. ಈಗ ತಟ್ಟುವ ವೇಗ ಬದಲಿಸದೆ, ಮೊದಲ ಅಕ್ಷರ ಎಳೆದು, ಎರಡನೆಯದನ್ನು ಚುಟುಕಾಗಿಸಿ, 'ತಾಕ ತಾಕ ತಾಕ ತಾಕ' ಎನ್ನಿ. ಭುಜ ತಾನಾಗಿ ಕುಣಿಯಿತೇ? ಅದೇ ಸ್ವಿಂಗ್. ಹೀಗೆ ಚೈಕೋವ್‌ಸ್ಕಿಯವರ ಕವಾಯತಿನ ತುಣುಕು 'ಪೀನಟ್ ಬ್ರಿಟಲ್ ಬ್ರಿಗೇಡ್' ಆಯಿತು. ನಮ್ಮ ಮಾತಿನಲ್ಲಿ, ಶೇಂಗಾ ಚಿಕ್ಕಿ ಪಡೆ!

"ದೊಡ್ಡವರು ಕಟ್ಟಿದ್ದನ್ನು ಹೀಗೆ ಬದಲಿಸಬಹುದೇ?" ಎಂದು ಅಜ್ಜ ಅಜ್ಜಿಯರು ಕೇಳಿಯಾರು. ಹಳೆಯ ಹಾಡನ್ನು ಯಾರಾದರೂ ತಿರುಚಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ಚೈಕೋವ್‌ಸ್ಕಿ ಮಾಡಿದ್ದೇನು ಗೊತ್ತೇ? ಮಿಠಾಯಿ ನಾಡಿನ ಯಕ್ಷಿಣಿಯ ಕುಣಿತಕ್ಕೆ ಆಗಿನ್ನೂ ಹೊಸದಾಗಿದ್ದ 'ಸೆಲೆಸ್ಟಾ' ನುಡಿಸಿದರು. ನೋಡಲು ಪುಟ್ಟ ಪಿಯಾನೊ, ದನಿ ಕಿರುಗಂಟೆಯದು. ಪ್ಯಾರಿಸ್ಸಿನಲ್ಲಿ ಅದನ್ನು ಕೇಳಿ ಮನಸೋತವರು, ಬೇರೆ ಸಂಗೀತಗಾರರು ಮೊದಲು ಬಳಸಿಬಿಟ್ಟಾರೆಂದು ಗುಟ್ಟಾಗಿಡಲು ತಮ್ಮ ಪ್ರಕಾಶಕರಿಗೆ ಹೇಳಿದ್ದರು. ನಾವು ಇಂದು ಹಳೆಯದು ಎನ್ನುವ ದನಿ ಅಂದು ಹೊಚ್ಚಹೊಸ ದನಿ.

ಅದೇ ಕುಣಿತದಲ್ಲಿ ಎಲಿಂಗ್ಟನ್ ತಂಡ ಗಂಟೆದನಿಯ ಬದಲು ಸ್ಯಾಕ್ಸೊಫೋನನ್ನು ಮೆಲ್ಲಗೆ, ಸೋಮಾರಿ ಬೆಕ್ಕಿನ ಹಾಗೆ ನಡೆಸುತ್ತದೆ. ಆದರೂ ಮೂಲದ ಧಾಟಿ ಥಟ್ಟನೆ ಗುರುತು ಸಿಗುತ್ತದೆ. ಅದನ್ನು ಚೆನ್ನಾಗಿ ಕಲಿತು ಪ್ರೀತಿಸಿದವರಷ್ಟೇ ಹೀಗೆ ನಡೆ ಬದಲಿಸಬಲ್ಲರು ಎಂದು ನನಗನ್ನಿಸುತ್ತದೆ.

ಈ ಕ್ರಿಸ್‌ಮಸ್ ರಜೆಯಲ್ಲಿ ಎರಡನ್ನೂ ಜೊತೆಗೆ ಕೂತು ಕೇಳಿ. ಮೊದಲು ಚೈಕೋವ್‌ಸ್ಕಿ, ಆಮೇಲೆ ಎಲಿಂಗ್ಟನ್. ಧಾಟಿಯ ಗುರುತು ಸಿಕ್ಕವರು ಕೈಯೆತ್ತಬೇಕು. ಮಕ್ಕಳೇ, ಅಜ್ಜನ ಕಾಲು ತಾಳ ಹಾಕತೊಡಗಿದರೆ ಮಾತ್ರ ನೋಡದ ಹಾಗೆ ಇದ್ದುಬಿಡಿ!