ಮಡಿ ಖಾಲಿ ಮಾಡುವುದೂ ಒಂದು ಪಾಠ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಶಾಲೆಗಳಿಗೆ ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಹೋಗಿ ಬರುತ್ತಾರೆ. ಹೋಗಿ ಬಂದವರು ಹೇಳುವ ಒಂದು ಮಾತು ಎಲ್ಲೆಡೆ ಸಮಾನ. ಕಾಂಪೌಂಡಿನ ಮೂಲೆಯಲ್ಲಿ ಒಂದು ಕೈತೋಟದ ಗುರುತು ಇರುತ್ತದೆ. ಜೂನ್ 5ರ ಪರಿಸರ ದಿನದ ಹೊತ್ತಿಗೆ ಮಡಿ ಮಾಡಿ ಬದನೆ, ಟೊಮೆಟೊ, ಮೆಣಸಿನ ಸಸಿ ನೆಟ್ಟಿರುತ್ತಾರೆ. ಆಗಸ್ಟ್ 15ಕ್ಕೆ ಬಂದವರಿಗೆ ತೋರಿಸುವಷ್ಟು ಹಸಿರು ಇರುತ್ತದೆ. ದಸರಾ ರಜೆ ಮುಗಿಯುವ ವೇಳೆಗೆ ಹೀರೆಬಳ್ಳಿ ಒಣಗಿ ತಂತಿಗೆ ಜೋತಾಡುತ್ತದೆ, ಬದನೆ ಗಿಡ ಕಟ್ಟಿಗೆಯಾಗಿರುತ್ತದೆ, ಮಡಿಯ ತುಂಬ ಕಳೆ. ಮತ್ತೆ ಕೈ ಹಚ್ಚುವುದು ಮುಂದಿನ ಜೂನ್‌ನಲ್ಲೇ.

ನಾನು ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿ. ಕೈತೋಟದಲ್ಲಿ ಕಲಿಸುವುದಕ್ಕೆ ಇರುವ ಹೆಚ್ಚಿನದೆಲ್ಲ ಮೊದಲ ಸಸಿ ನೆಡುವ ದಿನದಲ್ಲಿ ಇಲ್ಲ, ಮೊದಲ ಬೆಳೆ ಮುಗಿದು ಮಡಿ ಹಸನುಮಾಡಿ ಎರಡನೇ ಬೆಳೆ ಇಡುವ ವಾರದಲ್ಲಿ ಇದೆ ಎಂಬುದು ನನ್ನ ಅಭಿಪ್ರಾಯ. ಆ ವಾರವನ್ನು ನಾವು ‘ಶ್ರಮದಾನ’ ಎಂದು ಕರೆದು ಕೈಬಿಟ್ಟಿದ್ದೇವೆ. ಅದನ್ನು ಪಾಠ ಎಂದು ಕರೆದು ಅಭ್ಯಾಸ ಬೋಧನೆಯ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಕೈತೋಟ ಇದ್ದರೆ ಬಿಸಿಯೂಟಕ್ಕೆ ತರಕಾರಿ ಕೊಳ್ಳುವುದೇ ಬೇಡ ಎನ್ನುವವರಿದ್ದಾರೆ. ಮಧ್ಯಾಹ್ನದ ಊಟದ ಮಾನದಂಡದಂತೆ ಕಿರಿಯ ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 50 ಗ್ರಾಂ, 6ರಿಂದ 8ನೇ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ ಬೇಕು. 120 ಮಕ್ಕಳಿಗೆ 75 ಗ್ರಾಂನಂತೆ ದಿನಕ್ಕೆ 9 ಕೆ.ಜಿ. ಆಯಿತು. 10 ಅಡಿ ಅಗಲ, 20 ಅಡಿ ಉದ್ದದ ಜಾಗ ದಿನವೂ 9 ಕೆ.ಜಿ. ಕೊಡುವುದಿಲ್ಲ. ಕೊಡುತ್ತದೆ ಎಂದು ಹೇಳಿಕೊಂಡೇ ನಾವು ಕೈತೋಟವನ್ನು ಸೋಲಿಸುತ್ತಿದ್ದೇವೆ. ವಾರಕ್ಕೊಮ್ಮೆ ಸಾಂಬಾರಿಗೆ ಪುಂಡಿಪಲ್ಯವೋ ಮೆಂತ್ಯವೋ ನುಗ್ಗೆಸೊಪ್ಪೋ ಸಿಕ್ಕರೆ ಅದು ದೊಡ್ಡದು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಶಾಲಾ ಪೌಷ್ಟಿಕ ಕೈತೋಟದ ಮಾರ್ಗಸೂಚಿಯೂ ಊಟದ ಜೊತೆಗೆ ಮಕ್ಕಳ ಕಲಿಕೆಯನ್ನು ಉದ್ದೇಶವಾಗಿ ಇಟ್ಟುಕೊಂಡಿದೆ. ಇಷ್ಟು ಸಣ್ಣ ಜಾಗದ ನಿಜವಾದ ಬೆಳೆ ಕಲಿಕೆಯೇ.

ಎರಡನೆಯದು ಕಾಲದ ವಿಚಾರ. ನಮ್ಮ ಐದೂ ತಾಲ್ಲೂಕುಗಳು ಮಳೆನೆರಳಿನ ಸೀಮೆಯವು. ಜೂನ್‌ನಲ್ಲಿ ಮೋಡ ಕಾಣಿಸಿದರೂ ನೆಲ ತಣಿಯುವ ಮಳೆ ಸಾಮಾನ್ಯವಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿಂಗಾರಿಗೆ ಹೊಲ ಹಸನು ಮಾಡುವುದು ಇಲ್ಲಿನ ರೈತರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಶಾಲೆಯ ಕೈತೋಟ ಮಾತ್ರ ಮಳೆಯ ಲೆಕ್ಕ ಬಿಟ್ಟು ದಿನಾಚರಣೆಯ ಲೆಕ್ಕ ಹಿಡಿದಿದೆ. ಮಣ್ಣು ಹದವಾಗಿ, ಬಿಸಿಲು ಇಳಿದು, ಸೊಪ್ಪು ಮತ್ತು ಗಡ್ಡೆ ಚೆನ್ನಾಗಿ ಬರುವ ಕಾಲದಲ್ಲೇ ನಮ್ಮ ಮಡಿಗಳು ಪಾಳು ಬಿದ್ದಿರುತ್ತವೆ.

ಇನ್ನು ಪಾಠಕ್ಕೆ ಬರೋಣ. 8ನೇ ತರಗತಿ ವಿಜ್ಞಾನದ ಮೊದಲ ಅಧ್ಯಾಯವೇ ಬೆಳೆ ಉತ್ಪಾದನೆ ಮತ್ತು ನಿರ್ವಹಣೆ. ಮಣ್ಣು ಹದ ಮಾಡುವುದು, ಬಿತ್ತನೆ, ಗೊಬ್ಬರ, ನೀರಾವರಿ, ಕಳೆ, ಕೊಯ್ಲು, ಸಂಗ್ರಹಣೆ ಎಲ್ಲವೂ ಅದರಲ್ಲಿದೆ. ಅದರ ಮುಂದಿನದು ಸೂಕ್ಷ್ಮಜೀವಿಗಳ ಅಧ್ಯಾಯ. ಇವೆರಡನ್ನೂ ನಾವು ಚಾರ್ಟ್ ತೂಗುಹಾಕಿ ಕಲಿಸುತ್ತೇವೆ. ಚಾರ್ಟಿನ ಆಚೆ, ಕಿಟಕಿಯ ಹೊರಗೆ, ಅದೇ ಅಧ್ಯಾಯ ಒಣಗಿ ನಿಂತಿರುತ್ತದೆ.

ನಾನು ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು 8ನೇ ತರಗತಿಯವರೊಂದಿಗೆ ಎರಡು ಅವಧಿ ತೋಟದಲ್ಲಿ ಕಳೆದೆ. ಹಳೆಯ ಬದನೆ ಗಿಡಗಳನ್ನು ಬೇರು ಸಮೇತ ಕಿತ್ತು ಬೇರು ನೋಡುವುದು ಮೊದಲ ಕೆಲಸ. ಬೇರಿನ ಉದ್ದಕ್ಕೂ ಗಂಟುಗಳಿದ್ದವು. ತರಗತಿಯಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಬಾಯಿ ಬಿಡದ ಹುಡುಗಿಯೊಬ್ಬಳು ಕೇಳಿದಳು: “ಸಾರ್, ನಮ್ಮ ಹೊಲದಾಗ ಶೇಂಗಾದ ಬೇರಿಗೂ ಗಂಟು ಇರ್ತಾವ್ರಿ. ಶೇಂಗಾ ಚಲೋ ಬರ್ತೈತಿ. ಇದ್ಯಾಕ ಹಿಂಗ ಒಣಗಿತು?” ಅವಳ ಮನೆಯವರು ವರ್ಷದಲ್ಲಿ ಕೆಲವು ತಿಂಗಳು ಬೆಂಗಳೂರಿಗೆ ಗುಳೆ ಹೋಗುವವರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತುಗಳೇ ಹೆಚ್ಚು.

ಆ ಪ್ರಶ್ನೆಯ ಒಳಗೆ ಎರಡು ಅಧ್ಯಾಯಗಳಿವೆ. ಶೇಂಗಾ, ಅಲಸಂದೆ, ಅವರೆ, ಚವಳಿಕಾಯಿಯಂಥ ದ್ವಿದಳ ಜಾತಿಯ ಬೇರಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಮನೆ ಮಾಡಿ ಗಾಳಿಯ ನೈಟ್ರೋಜನ್ನನ್ನು ಗಿಡಕ್ಕೆ ಒದಗಿಸುತ್ತದೆ. ಆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಂತೆ ಇರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಗಂಟನ್ನು ಸೀಳಿದರೆ ಒಳಗೆ ಗುಲಾಬಿ ಬಣ್ಣ. ಅದು ಲೆಗ್‌ಹೀಮೋಗ್ಲೋಬಿನ್‌ನ ಬಣ್ಣ. ಬದನೆ, ಟೊಮೆಟೊ ಬೇರಿನಲ್ಲಿ ಕಾಣುವ ಗಂಟು ಸಾಮಾನ್ಯವಾಗಿ ನೆಮಟೋಡ್ ಎಂಬ, ಬರಿಗಣ್ಣಿಗೆ ಕಾಣದ ಜಂತುಹುಳುವಿನಿಂದ ಆದದ್ದು. ಅಲ್ಲಿ ಬೇರೇ ಊದಿಕೊಂಡಿರುತ್ತದೆ, ಉಜ್ಜಿದರೆ ಕಳಚುವುದಿಲ್ಲ. ಮೊದಲನೆಯದು ಗಿಡಕ್ಕೆ ಉಣಿಸುತ್ತದೆ, ಎರಡನೆಯದು ಗಿಡವನ್ನು ಉಣ್ಣುತ್ತದೆ. ಮರುದಿನ ಅವಳೇ ಹೊಲದಿಂದ ಶೇಂಗಾ ಗಿಡ ತಂದಳು. ಎರಡೂ ಬೇರುಗಳನ್ನು ಬಿಳಿ ಹಾಳೆಯ ಮೇಲೆ ಇಟ್ಟು ಮಕ್ಕಳು ಉಜ್ಜಿ, ಸೀಳಿ ನೋಡಿದರು. ಸೂಕ್ಷ್ಮಜೀವಿಗಳು ಮಿತ್ರರೋ ಶತ್ರುಗಳೋ ಎಂದು ಪಠ್ಯ ಕೇಳುತ್ತದೆ. ಆ ಅಧ್ಯಾಯವನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ, ಚಾರ್ಟಿನಲ್ಲೂ ಇರಲಿಲ್ಲ.

ಹೀಗೆ ನೋಡಿದರೆ ಮಡಿ ಹಸನು ಮಾಡುವ ಪ್ರತಿ ಹೆಜ್ಜೆಯೂ ಒಂದು ಕಲಿಕಾಂಶ. ಅವರೆ, ಚವಳಿ ಗಿಡಗಳನ್ನು ಕೀಳದೆ ನೆಲಮಟ್ಟಕ್ಕೆ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡಬೇಕು, ಏಕೆ? ಎಲೆ ಮುಟುರಿದ ಮೆಣಸಿನ ಗಿಡ, ನರ ಹಳದಿಯಾದ ಬೆಂಡೆ, ಗಂಟುಬೇರಿನ ಬದನೆ ಇವು ತಿಪ್ಪೆಗೆ ಬೀಳದೆ ಬೇರೆಯಾಗಿ ಒಣಗಬೇಕು, ಏಕೆ? ಬೆಂಡೆಯ ಹಳದಿ ನಂಜು ರೋಗವನ್ನು ಗಿಡದಿಂದ ಗಿಡಕ್ಕೆ ಸಾಗಿಸುವ ಬಿಳಿನೊಣ ಎಲೆಯ ಯಾವ ಬದಿಯಲ್ಲಿ ಕೂತಿರುತ್ತದೆ? ರೋಗವಿಲ್ಲದ ಎಲೆ, ದಂಟು, ಕಳೆಯೆಲ್ಲ ಗೊಬ್ಬರದ ಗುಂಡಿಗೆ ಹೋದರೆ ಗುಂಡಿಯ ಒಳಗೆ ಬಿಸಿ ಏರುವುದೇಕೆ? ಬೀಜಕ್ಕೆ ಬಿಟ್ಟ ಟೊಮೆಟೊ ಹೈಬ್ರಿಡ್ ತಳಿಯದಾಗಿದ್ದರೆ ಅದರ ಬೀಜದ ಗಿಡಗಳೆಲ್ಲ ಒಂದೇ ತೆರನಾಗಿ ಏಕೆ ಬರುವುದಿಲ್ಲ? ಕೊನೆಯ ಪ್ರಶ್ನೆ ನಮ್ಮನ್ನು 10ನೇ ತರಗತಿಯ ಮೆಂಡಲ್‌ನ ಬಳಿಗೆ ಒಯ್ಯುತ್ತದೆ. ಜಾಗವನ್ನು ಅಳೆದು ಭಾಗ ಮಾಡುವುದು ಗಣಿತದವರ ಪಾಲು.

ಮರುನಾಟಿಯ ಕ್ರಮವೂ ಸರಳ. 200 ಚದರ ಅಡಿಯನ್ನು ನಾಲ್ಕು ಮಡಿ ಮಾಡಿ. ಒಂದರಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ. ಈ ಮೂರೂ ಒಂದೇ ಕುಟುಂಬದವು, ಒಂದರ ಜಾಗಕ್ಕೆ ಇನ್ನೊಂದು ಬಂದರೆ ಹಳೆಯ ರೋಗಕ್ಕೆ ಹೊಸ ಊಟ ಬಡಿಸಿದಂತೆ. ಎರಡನೆಯದರಲ್ಲಿ ದ್ವಿದಳ, ಮೂರನೆಯದರಲ್ಲಿ ಸೊಪ್ಪು, ನಾಲ್ಕನೆಯದರಲ್ಲಿ ಮೂಲಂಗಿ, ಈರುಳ್ಳಿ. ಬೆಳೆ ಮುಗಿದಾಗಲೆಲ್ಲ ಒಂದೊಂದು ಮಡಿ ಮುಂದಕ್ಕೆ ಸರಿಯಬೇಕು. ಗಂಟುಬೇರು ಕಂಡ ಮಡಿಯ ಅಂಚಿಗೆ ಚೆಂಡುಹೂ ಹಚ್ಚಬಹುದು, ಅದರ ಬೇರು ಆ ಜಂತುಹುಳುವನ್ನು ತಗ್ಗಿಸುತ್ತದೆ. ರಜೆಗೆ ಮುಂಚೆ ಖಾಲಿ ಮಡಿಗೆ ಒಣಹುಲ್ಲೋ ಶೇಂಗಾಹೊಟ್ಟೋ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ಏಳುವುದಿಲ್ಲ.

ಇದಕ್ಕೆ ಸಮಯ ಎಲ್ಲಿದೆ ಎಂದು ನನ್ನ ಗೆಳೆಯರು ಕೇಳುತ್ತಾರೆ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರ ಶಾಲೆಯೊಂದಿಗೆ ಕಳೆಯಬೇಕು, ಅದರಲ್ಲಿ ದೊಡ್ಡ ಭಾಗ 16 ವಾರದ್ದು. 16 ವಾರ ಎಂದರೆ 112 ದಿನ. ಮೆಂತ್ಯ, ಕೊತ್ತಂಬರಿ 30ರಿಂದ 40 ದಿನಕ್ಕೆ, ಮೂಲಂಗಿ ಸುಮಾರು 45 ದಿನಕ್ಕೆ ಕೈಗೆ ಬರುತ್ತವೆ. ನಾವು ಒಂದು ಶಾಲೆಯಲ್ಲಿ ಇರುವಷ್ಟರಲ್ಲೇ ಒಂದು ಮಡಿ ಎರಡು ಬಾರಿ ಖಾಲಿಯಾಗಿ ಎರಡು ಬಾರಿ ತುಂಬುತ್ತದೆ. ಪ್ರತಿ ವಾರ ಬೇಡ, ಈ ತಿರುವಿನ ಎರಡು ಮೂರು ಅವಧಿ ಸಾಕು. ಬ್ಯಾಗ್‌ರಹಿತ ಸಂಭ್ರಮ ಶನಿವಾರವೂ ಇದಕ್ಕೆ ಒದಗುತ್ತದೆ.

ನೀರಿನ ಪ್ರಶ್ನೆ ಮಾತ್ರ ಸುಲಭದ್ದಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಸಾಲು ಹಿಡಿಯುವ ಊರಿನ ಶಾಲೆಯಲ್ಲಿ ಗಿಡಕ್ಕೆ ನೀರು ಕೇಳಲು ನನಗೂ ಬಾಯಿ ಬರುವುದಿಲ್ಲ. ಆದ್ದರಿಂದಲೇ ತೋಟ ಸಣ್ಣದಾಗಿರಬೇಕು, ಹಿಂಗಾರಿಯದಾಗಿರಬೇಕು, ಅಡುಗೆ ಕೋಣೆಯ ಹತ್ತಿರ ಇರಬೇಕು. ಅಕ್ಕಿ, ಬೇಳೆ ತೊಳೆದ ನೀರು, ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆದ ನೀರು ಒಂದು ಕಾಲುವೆಯಲ್ಲಿ ಮಡಿಗೆ ಹರಿದರೆ ನಾಲ್ಕು ಮಡಿಯಲ್ಲಿ ಎರಡಾದರೂ ಬದುಕುತ್ತವೆ. ಫೆಬ್ರುವರಿಯ ನಂತರ ತೋಟ ಮುಚ್ಚಿಟ್ಟು ನುಗ್ಗೆ, ಕರಿಬೇವು ಮಾತ್ರ ಉಳಿಸಿಕೊಳ್ಳುವುದೂ ಒಂದು ತೀರ್ಮಾನವೇ. ಮಕ್ಕಳೇ ಕೂತು ಆ ತೀರ್ಮಾನ ಮಾಡಲಿ.

ಇದೆಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಮಕ್ಕಳಿಂದ ಕೆಲಸ ಮಾಡಿಸುತ್ತೀರಾ ಎಂಬುದು. ಶೌಚಾಲಯ ತೊಳೆಸಿದ ಸುದ್ದಿಗಳನ್ನು ಓದಿದ ಪಾಲಕರು ಹಾಗೆ ಕೇಳಿದರೆ ಅದು ನ್ಯಾಯ. ನಮ್ಮ ಶಾಲೆಗಳಲ್ಲಿ ತೋಟದ ಕೆಲಸಕ್ಕೆ ಯಾರನ್ನು ಕಳಿಸುತ್ತಾರೆ? ತಡವಾಗಿ ಬಂದವರನ್ನು, ಮನೆಗೆಲಸ ಬರೆಯದವರನ್ನು, ‘ಓದುವುದಕ್ಕೆ ಬಾರದವರು’ ಎಂದು ಹೆಸರು ಹಚ್ಚಿಸಿಕೊಂಡವರನ್ನು. ಕಸ ಗುಡಿಸಲು ಹುಡುಗಿಯರು, ನೀರು ಹೊರಲು ಹುಡುಗರು. ಕೂಲಿಯವರ ಮಕ್ಕಳು ಶಾಲೆಗೆ ಬಂದೂ ಕೂಲಿಯನ್ನೇ ಮಾಡಿದಂತಾಗುತ್ತದೆ, ಅದೂ ಶಿಕ್ಷೆಯ ರೂಪದಲ್ಲಿ. ಮಣ್ಣು ಮುಟ್ಟುವುದು ಶಿಕ್ಷೆ ಎಂದು ಶಾಲೆಯೇ ಕಲಿಸಿದ ಮೇಲೆ, ಮಣ್ಣು ಮುಟ್ಟಿ ಬದುಕುವ ತಾಯಿತಂದೆಯ ಬಗ್ಗೆ ಆ ಮಗು ಏನು ತಿಳಿಯಬೇಕು?

ಆದ್ದರಿಂದ ನಾಲ್ಕು ಕಟ್ಟಳೆ ಬೇಕು. ತರಗತಿಯ ಎಲ್ಲರೂ, ಶಿಕ್ಷಕರೂ ಸೇರಿ, ಕೈ ಹಚ್ಚಬೇಕು. ಗುದ್ದಲಿ ಎತ್ತುವ ಮುಂಚೆ ಒಂದು ಪ್ರಶ್ನೆ ಇರಬೇಕು. ಕೆಲಸದ ನಂತರ ಕಂಡದ್ದನ್ನು ಬರೆಯಬೇಕು, ಚಿತ್ರ ಬಿಡಿಸಬೇಕು. ಬೆಳೆದದ್ದು ಮಕ್ಕಳ ತಟ್ಟೆಗೇ ಬರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಪಾಠವಲ್ಲ, ಬಿಟ್ಟಿ ಕೆಲಸ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮನ್ನು ನಾವು ಪರೀಕ್ಷೆಗೆ ಐದು ಅಂಕದ ಟಿಪ್ಪಣಿಯಾಗಿ ಓದುತ್ತೇವೆ. ಕೈಕೆಲಸದ ಮೂಲಕ ಕಲಿಕೆ ಎನ್ನುವುದಕ್ಕೂ ಮಕ್ಕಳಿಂದ ಕೆಲಸ ತೆಗೆಯುವುದಕ್ಕೂ ಇರುವ ಗೆರೆಯನ್ನು ಶಾಲೆಯಲ್ಲಿ ನಿಂತು ಎಳೆಯಬೇಕಾದವರು ನಾವೇ.

ನಮ್ಮಲ್ಲಿ ಅನೇಕರು ‘ತೊತ್ತೋ-ಚಾನ್’ ಓದಿದ್ದೇವೆ. ಅದರಲ್ಲಿ ಮುಖ್ಯೋಪಾಧ್ಯಾಯ ಕೊಬಾಯಾಶಿ ಹತ್ತಿರದ ಹೊಲದ ರೈತನನ್ನು ಕರೆತಂದು, ಇವರೇ ನಿಮ್ಮ ಬೇಸಾಯದ ಶಿಕ್ಷಕರು ಎಂದು ಮಕ್ಕಳಿಗೆ ಪರಿಚಯಿಸುತ್ತಾರೆ. ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವ ಅಜ್ಜಿ, ಹರಪನಹಳ್ಳಿಯಲ್ಲಿ ಮೆಕ್ಕೆಜೋಳ ಬೆಳೆಯುವ ಅಪ್ಪ, ಕೂಡ್ಲಿಗಿಯ ಮಸಾರಿ ನೆಲದಲ್ಲಿ ಶೇಂಗಾ ಬಿತ್ತುವ ಅವ್ವ ನಮ್ಮ ಎಸ್‌ಡಿಎಂಸಿ ಸಭೆಗೆ ಸಹಿ ಹಾಕಲು ಬರುತ್ತಾರೆ. ಒಂದು ಅವಧಿ ಪಾಠ ಮಾಡಲು ಅವರನ್ನು ಯಾರೂ ಕರೆದಿಲ್ಲ.

ಕಾಲೇಜಿನಲ್ಲಿ ನನ್ನ ಕೋರಿಕೆ ಎರಡು. ಪಾಠ ಅವಲೋಕನದ ಪಟ್ಟಿಯಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ ಎಲ್ಲಕ್ಕೂ ಜಾಗವಿದೆ. ತೋಟದಲ್ಲಿ ನಡೆದ ಎರಡು ಪಾಠಗಳನ್ನೂ ಅದೇ ಪಟ್ಟಿಯಿಂದ ಅಳೆದು ಲೆಕ್ಕಕ್ಕೆ ಸೇರಿಸಲಿ. ಎರಡನೆಯದಾಗಿ, ಪ್ರತಿ ಅಭ್ಯಾಸ ಶಾಲೆಯಲ್ಲೂ ಒಂದು ತೋಟದ ದಾಖಲೆ ಪುಸ್ತಕ ಇರಲಿ. ಯಾವ ಮಡಿಯಲ್ಲಿ ಏನಿತ್ತು, ಯಾವ ರೋಗ ಬಂತು, ಬೀಜ ಎಲ್ಲಿಟ್ಟಿದೆ ಎಂದು ಈ ವರ್ಷದ ಪ್ರಶಿಕ್ಷಣಾರ್ಥಿಗಳು ಬರೆದಿಟ್ಟರೆ ಮುಂದಿನ ವರ್ಷದವರು ಅಲ್ಲಿಂದ ಶುರು ಮಾಡುತ್ತಾರೆ. ನಾವು ಬಂದು ಹೋಗುವವರು, ಮಣ್ಣು ಅಲ್ಲೇ ಇರುವುದು. ಆ ಪುಸ್ತಕ ಇಲ್ಲದಿದ್ದರೆ ಬದನೆ ಸತ್ತ ಮಡಿಯಲ್ಲೇ ಹೊಸಬರು ಮತ್ತೆ ಟೊಮೆಟೊ ನೆಡುತ್ತಾರೆ.

ಬರುವ ದಸರಾ ರಜೆಗೆ ಒಂದು ವಾರ ಮುಂಚೆ ನೀವು ಯಾವ ಶಾಲೆಯಲ್ಲೇ ಇರಿ, ಒಂದು ಒಣಗಿದ ಗಿಡವನ್ನು ಮಕ್ಕಳ ಮುಂದೆ ಕಿತ್ತು ಬೇರು ತೋರಿಸಿ. ಮೊದಲ ಪ್ರಶ್ನೆಯನ್ನು ಯಾರು ಕೇಳುತ್ತಾರೆ ಎಂದು ಗಮನಿಸಿ. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರಿನ ಮುಂದೆ ಎಷ್ಟು ಕೆಂಪು ಗುರುತುಗಳಿವೆ ಎಂದೂ ಒಮ್ಮೆ ನೋಡಿ.